ಷಡ್ಡಕನ ಸಾದಾ ಆಟ

ಹೆಂಡತಿಯ ತಂಗಿಯ ಗಂಡ ಎಂಬ ಪ್ರಾಣಿಯನ್ನು ಯಾರು ಸೃಷ್ಟಿಸಿದರೋ ನನಗೆ ಗೊತ್ತಿಲ್ಲ. (ನಾವು ಜೈನರು, ನಮ್ಮಲ್ಲಿ ಸೃಷ್ಟಿಕರ್ತನೇ ಇಲ್ಲ. ಇದ್ದಿದ್ದರೆ ಹೋಗಿ ಜಗಳವಾಡಲು ಒಬ್ಬನಾದರೂ ಸಿಗುತ್ತಿದ್ದ.) ನನ್ನ ಷಡ್ಡಕ ವಿಪುಲ ಪೀರನವಾಡಿಯಲ್ಲಿ ಟೈಲ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ನನಗಿಂತ ಎತ್ತರ, ತಲೆಯಲ್ಲಿ ನನಗಿಂತ ಹೆಚ್ಚು ಕೂದಲು, ನಕ್ಕರೆ ಗಲ್ಲದಲ್ಲಿ ಗುಳಿ. ಇಷ್ಟನ್ನೂ ನಾನು ದೊಡ್ಡ ಮನಸ್ಸು ಮಾಡಿ ಸಹಿಸಿಕೊಂಡಿದ್ದೆ. ಆದರೆ ಅವನು ಫುಟ್‌ಬಾಲಿನಲ್ಲೂ ನನ್ನನ್ನು ಹಿಂದೆ ಹಾಕಿದಾಗ ಹೊಟ್ಟೆಯೊಳಗೆ ಒಲೆಯೇ ಹೊತ್ತಿಕೊಂಡಿತು.

ಫುಟ್‌ಬಾಲ್ ಎಂದರೆ ಕಾಲಿನಿಂದ ಆಡುವುದಲ್ಲ. ನನ್ನ ಮೊಣಕಾಲಿಗೆ ಟಿಳಕವಾಡಿಯ ನಮ್ಮ ಮನೆಯ ಮೆಟ್ಟಿಲೇ ಜಾಸ್ತಿ. ಇದು ಮೊಬೈಲಿನಲ್ಲಿ ಆಡುವ ಮ್ಯಾನೇಜರ್ ಆಟ. ನಮಗೊಂದು ತಂಡ ಸಿಗುತ್ತದೆ. ಯಾರು ಎಲ್ಲಿ ನಿಲ್ಲಬೇಕು, ಯಾರು ಎತ್ತ ಓಡಬೇಕು ಎಂದು ಮೊದಲೇ ಹೇಳಿಟ್ಟು ಕೈಕಟ್ಟಿ ಕೂರಬೇಕು. ಸಂಜೆ ಆ ಆಟವೇ ಪಂದ್ಯ ನಡೆಸಿ, ಯಾರು ಗೆದ್ದರೆಂದು ಹೇಳುತ್ತದೆ. ನಮ್ಮ ನೆಂಟರಿಷ್ಟರೆಲ್ಲ ಸೇರಿ ಇದರಲ್ಲೊಂದು ಲೀಗ್ ಮಾಡಿಕೊಂಡಿದ್ದೇವೆ.

ನಾನು ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಪ್ಲಾನಿಂಗ್ ವಿಭಾಗದ ಮುಖ್ಯಸ್ಥ. ಪ್ಲಾನ್ ಮಾಡುವುದೇ ನನ್ನ ಉಸಿರು. ಹಾಗಾಗಿ ನನ್ನ ತಂಡ ‘ಟಿಳಕವಾಡಿ ಚಕ್ರವರ್ತಿಗಳು’ ಆಡುತ್ತಿದ್ದುದು ಆಟವಲ್ಲ, ಮಹಾವ್ಯೂಹ. ಎಡಗಡೆಯವನು ಬಲಕ್ಕೆ ಓಡಬೇಕು, ಬಲಗಡೆಯವನು ನಡುವೆ ಬರಬೇಕು, ನಡುವಿನವನು ಮುಂದೆ ನುಗ್ಗುವಂತೆ ನಟಿಸಿ ಹಿಂದೆ ಸರಿಯಬೇಕು, ಗೋಲ್‌ಕೀಪರ್ ಆಗಾಗ ಮುಂದೆ ಬಂದು ಪಾಸ್ ಕೊಡಬೇಕು. ಪರದೆಯ ಮೇಲೆ ಎಷ್ಟು ಬಾಣದ ಗುರುತುಗಳಿದ್ದವೆಂದರೆ ಕೆಳಗಿದ್ದ ಆಟಗಾರರೇ ಕಾಣುತ್ತಿರಲಿಲ್ಲ. ಪಂದ್ಯಕ್ಕೆ ಎದುರಾಳಿಗಳಿಂದ ನಾಲ್ಕೈದು ಗೋಲು ತಿನ್ನುವುದು ನಮಗೆ ರೂಢಿಯಾಯಿತು. ನಮ್ಮ ಗೋಲ್‌ಕೀಪರ್ ಮೈದಾನದ ನಡುವೆ ನಿಂತು, ನನ್ನ ಹಾಗೆಯೇ ದೂರದಿಂದ ಅವುಗಳನ್ನು ನೋಡುತ್ತಿದ್ದ.

ವಿಪುಲನ ತಂಡದಲ್ಲಿ ನಾಲ್ವರು ಹಿಂದೆ, ನಾಲ್ವರು ನಡುವೆ, ಇಬ್ಬರು ಮುಂದೆ. ಮುಗಿಯಿತು. ಒಂದು ಬಾಣವಿಲ್ಲ, ಒಂದು ಸೂಚನೆಯಿಲ್ಲ. ಆದರೂ ಲೀಗಿನಲ್ಲಿ ಅವನೇ ಮೊದಲು. ಕೊನೆಯವರು ಯಾರೆಂದು ಹೇಳುವ ಅಗತ್ಯವಿಲ್ಲ.

“ವಿಪುಲ ಅವರು ಮತ್ತ ಗೆದ್ರಂತ ನೋಡ್ರಿ,” ಎಂದಳು ನನ್ನ ಹೆಂಡತಿ ಪ್ರಾಚಿ, ರೊಟ್ಟಿ ಬಡಿಯುತ್ತ.

“ಅದೂ ಒಂದ ಆಟೇನು? ತಲಿ ಇಲ್ಲದ ಆಟ!”

“ಅವರು ತಲಿ ಇಲ್ಲದನ ಗೆಲ್ಲತಾರ. ನೀವು ಇಷ್ಟ ತಲಿ ಓಡಿಸಿ ಸೋಲೂದ್ಯಾಕ್ರಿ?”

“ಅವನ ನಸೀಬ ಚಲೋ ಐತಿ.”

“ದಿನಾ ನಸೀಬೇನ್ರಿ?”

‘ವಿಪುಲ ಅವರು’ ಎನ್ನುವಾಗ ಅವಳ ದನಿ ಬೆಲ್ಲದಷ್ಟು ಸಿಹಿ. ನನ್ನನ್ನು ಕರೆಯುವಾಗ ಅದೇ ದನಿ ಕುಕ್ಕರ್ ಸೀಟಿಗೆ ಹತ್ತಿರವಿರುತ್ತದೆ. ಮುಚ್ಚಿಡುವುದೇನು, ನನಗೆ ಹೊಟ್ಟೆಕಿಚ್ಚು. ನನ್ನ ಹೆಂಡತಿಯ ಮುಂದೆ, ಅವಳ ತವರಿನವರ ಮುಂದೆ, ಹಿರೇ ಅಳಿಯನಾದ ನಾನೇ ಬುದ್ಧಿವಂತನೆಂದು ಒಂದು ಸಲವಾದರೂ ಸಾಬೀತಾಗಬೇಕಿತ್ತು.

ಅವಕಾಶ ಖಾನಾಪುರದಲ್ಲಿ ಒದಗಿತು. ವಿಪುಲನಿಗೆ ಮಗಳು ಹುಟ್ಟಿದ್ದಳು. ತೊಟ್ಟಿಲ ಕಾರ್ಯಕ್ರಮ ನಮ್ಮ ಅತ್ತೆ ಅಕ್ಕಾತಾಯಿಯವರ ಮನೆಯಲ್ಲಿ. ಕೂಸು ಮುದ್ದಾಗಿತ್ತು. (ಗಲ್ಲದಲ್ಲಿ ಗುಳಿ ಇತ್ತು. ಅದನ್ನೂ ಸಹಿಸಿಕೊಂಡೆ.) ಫೋಟೋದವನು ತಂದೆ-ಮಗಳ ಗುಳಿಗಳನ್ನು ಎಲ್ಲ ಕಡೆಯಿಂದ ಹಿಡಿದು ಮುಗಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಯಾರೂ ಊಟ ಮಾಡುವುದಿಲ್ಲ. ವಿಪುಲನ ಕಡೆಯ ಬೀಗರು ಉಪವಾಸ ಎದ್ದು ಹೋದರೆ ಅತ್ತೆಯ ಮರ್ಯಾದೆಯೇ ಹೋದಂತೆ.

“ಬಡಸೂದು ನಿಮ್ಮ ಕಡಿ ಅಳಿಯಂದ್ರ,” ಎಂದರು ಅತ್ತೆ. “ಹೊತ್ತ ಮುಳಗೂದ್ರಾಗ ಎಲ್ಲಾರ ಊಟ ಆಗಬೇಕ್ರಿ.”

“ನೀವು ಚಿಂತಿ ಬಿಡ್ರಿ ಅತ್ತಿಯವರ. ಹ್ಯಾಂಗ ಮಾಡತೇನಿ ನೋಡ್ರಿ!”

ಬಡಿಸುವವರನ್ನು ಹಿತ್ತಲಿನಲ್ಲಿ ನಿಲ್ಲಿಸಿ ನನ್ನ ವ್ಯೂಹವನ್ನು ಬೋಧಿಸಿದೆ. ಅನ್ನದವನು ನಾಲ್ಕು ಎಲೆ ಮುಗಿಸಿ ಬಕೀಟನ್ನು ಸಾರಿನವನಿಗೆ ದಾಟಿಸಬೇಕು. ಸಾರಿನವನು ತನ್ನ ಬಕೀಟನ್ನು ಪಲ್ಯದವನಿಗೆ ಕೊಟ್ಟು ಎದುರು ಪಂಗ್ತಿಗೆ ಹಾರಬೇಕು. ಹಪ್ಪಳದವನು ಹಿಂದಿನಿಂದ ಅಚಾನಕ್ ನುಗ್ಗಬೇಕು. ತುಪ್ಪದವನಿಗೆ ಪೂರ್ಣ ಸ್ವಾತಂತ್ರ್ಯ. ಎಲ್ಲಿ ಜಾಗ ಕಂಡರೆ ಅಲ್ಲಿಗೆ. ಎಲ್ಲರೂ ತಲೆಯಾಡಿಸಿದರು. ನಮ್ಮ ಫೌಂಡ್ರಿಯಲ್ಲೂ ಹೀಗೆಯೇ ತಲೆಯಾಡಿಸುತ್ತಾರೆ.

ಪಂಗ್ತಿ ಕುಳಿತಿತು. ನಾನು ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದೆ. ನೋಡನೋಡುತ್ತಿದ್ದಂತೆ ಒಂದು ಸಾಲಿಗೆ ಮೂರು ಸಲ ಉಪ್ಪು ಬಿತ್ತು, ಇನ್ನೊಂದು ಸಾಲಿಗೆ ಬರೀ ಹಪ್ಪಳ. ಸ್ವಾತಂತ್ರ್ಯ ಪಡೆದ ತುಪ್ಪದವನು ಎಲ್ಲಿ ಹೋದನೋ ಯಾರೂ ಕಾಣಲಿಲ್ಲ. ಎದುರು ಪಂಗ್ತಿಗೆ ಹಾರಿದವನೂ ಹಿಂದಿನಿಂದ ನುಗ್ಗಿದವನೂ ನಡುವೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ಕಟ್ಟಿನ ಸಾರು ವಿಪುಲನ ತಂದೆಯ ಹೊಸ ಧೋತರದ ಮೇಲೆ ಬಿತ್ತು.

“ಅನ್ನ ಇವತ್ತ ಬರತದೇನ್ರಿ?” ಎಂದರು ಬೀಗರು, ಧೋತರ ಝಾಡಿಸುತ್ತ. “ಇಲ್ಲಾಂದ್ರ ಏಳತೇವಿ. ಹೊತ್ತ ಮುಳಗಾಕ ಬಂತು.”

ಅತ್ತೆಯ ಮುಖ ಬಿಳಿಚಿತು. ಪ್ರಾಚಿ ಸೆರಗು ಸಿಕ್ಕಿಸಿಕೊಂಡು ಒಳಗಿನಿಂದ ಬಂದವಳೇ ನನ್ನನ್ನು ಬಾಗಿಲಿಂದ ಸರಿಸಿದಳು.

“ಒಬ್ಬೊಬ್ಬರ ಕೈಯಾಗ ಒಂದ ಪದಾರ್ಥ! ಈ ತುದಿಯಿಂದ ನೆಟ್ಟಗ ಹೋಗ್ರಿ, ಆ ತುದಿಯಿಂದ ನೆಟ್ಟಗ ಬರ್ರಿ. ಬಾಜುದವರು ಏನ ಮಾಡತಾರಂತ ನೋಡಬ್ಯಾಡ್ರಿ!”

ಅಷ್ಟೇ. ಅನ್ನ ಬಂತು, ಸಾರು ಬಂತು, ಹೋಳಿಗೆ ಬಂತು, ಹಿತ್ತಲಿನಿಂದ ತುಪ್ಪವೂ ಬಂತು. ಬೆಳಕಿರುವಾಗಲೇ ಬೀಗರು ಡರ್‍ರೆಂದು ತೇಗಿದರು.

“ಅಣ್ಣಾರ, ನೋಡಿದ್ರೇನು!” ಎಂದು ವಿಪುಲ ಎಲೆಯ ಮುಂದಿನಿಂದ ಕೂಗಿದ. “ನನಗ ಆಟದಾಗೂ ಅಕ್ಕಾರು ಇದನ್ನ ಹೇಳಿದ್ದು. ಮೊದಲ ನಾನೂ ನಿಮ್ಮಂಗ ಸೋಲತಿದ್ನಿ!”

ಅಕ್ಕಾರು ಎಂದರೆ ಪ್ರಾಚಿ. ಪ್ರಾಚಿ ಎಂದರೆ ನನ್ನ ಧರ್ಮಪತ್ನಿ. ನಾನು ಇಷ್ಟು ದಿನ ಹೊಟ್ಟೆಕಿಚ್ಚು ಪಟ್ಟ ಆ ಬುದ್ಧಿ ವಿಪುಲನದೇ ಅಲ್ಲ, ನನ್ನ ಮನೆಯ ಅಡುಗೆಮನೆಯಿಂದ ಪೀರನವಾಡಿಗೆ ಹೋದದ್ದು! ಇದನ್ನು ಅರಗಿಸಿಕೊಂಡು ಕೈತೊಳೆದು ಕೂರುವಷ್ಟರಲ್ಲಿ ಹೊತ್ತು ಮುಳುಗಿತು. ನನಗೆ ಊಟವಿಲ್ಲ. ಪ್ರಾಚಿ ಬಡಿಸುವ ಮೊದಲೇ ಒಳಗೆ ಎರಡು ಹೋಳಿಗೆ ಮುಗಿಸಿದ್ದಳಂತೆ.

“ಅವಗ ಹೇಳಿದಿ. ಕಟಗೊಂಡ ಗಂಡಗ ಹೇಳಲಿಲ್ಲ,” ಎಂದೆ ಬೆಳಗಾವಿಗೆ ಮರಳುವಾಗ ಕಾರಿನಲ್ಲಿ. ಹೊಟ್ಟೆ ಎರಡು ಕಾರಣಕ್ಕೆ ಉರಿಯುತ್ತಿತ್ತು.

“ಅವರು ಕೇಳಿದ್ರು, ಹೇಳಿದ್ನಿ. ನೀವು ಎಂದಾರ ನನ್ನ ಕೇಳೀರೇನು?”

ಆ ಭಾನುವಾರ ನನ್ನ ಪಂದ್ಯ ವಿಪುಲನ ವಿರುದ್ಧವೇ ಇತ್ತು. ಮಾನ ಮರ್ಯಾದೆ ಬದಿಗಿಟ್ಟು ಮೊಬೈಲನ್ನು ಪ್ರಾಚಿಯ ಮುಂದೆ ಹಿಡಿದೆ. ಅವಳು ಹಾಲು ಕಾಯುವಷ್ಟರಲ್ಲಿ ಎಲ್ಲ ಬಾಣಗಳನ್ನೂ ಅಳಿಸಿ, ಗೋಲ್‌ಕೀಪರನನ್ನು ಅವನ ಜಾಗಕ್ಕೆ ಕಳಿಸಿದಳು.

ಸಂಜೆ ಚಹದ ಹೊತ್ತಿಗೆ ಫಲಿತಾಂಶ ಬಂತು. ಒಂದು-ಸೊನ್ನೆ. ಚಕ್ರವರ್ತಿಗಳಿಗೆ ಜಯ! ನಾನು ಸಿಹಿಗೆಂದು ಕುಂದಾ ತಂದೆ. ಅತ್ತೆಗೆ ಫೋನ್ ಮಾಡಿದೆ. ಆಮೇಲೆ ವಿಪುಲನಿಗೂ ಮಾಡಿ, ಆಟವೆಂದ ಮೇಲೆ ಸೋಲು ಗೆಲುವು ಇದ್ದದ್ದೇ ಎಂದು ಸಮಾಧಾನ ಹೇಳಿದೆ. ಅಷ್ಟು ಸುಖವಾಗಿ ನಾನು ಯಾರನ್ನೂ ಸಮಾಧಾನಪಡಿಸಿಲ್ಲ.

“ಸಾಕ ಬಿಡ್ರಿ, ಎಷ್ಟ ಕುಣೀತೀರಿ?” ಎಂದಳು ಪ್ರಾಚಿ. “ಅಣ್ಣಾರು ನಮ್ಮ ಕೂಸಿನ ಕಾರ್ಯಕ್ರಮದಾಗ ಉಪಾಸ ಉಳದ್ರು, ಒಮ್ಮೆರೆ ಗೆಲ್ಲಲಿ ಅಂತ ವಿಪುಲ ಅವರು ಮುಂಜಾನೆ ಫೋನ್ ಮಾಡಿದ್ರು. ಸೋಲಬೇಕಂದ್ರ ಹ್ಯಾಂಗ ಆಡಬೇಕು ಗೊತ್ತಾಗವಲ್ದು ಅಂದ್ರು.”

“ಮತ್ತ?”

“ಅಳಸೂಕಿಂತ ಮೊದಲ ನಿಮ್ಮ ಬಾಣದ ಫೋಟೋ ತಗದಿದ್ನಿ, ಅದನ್ನ ಕಳಿಸಿದ್ನಿ. ಇವತ್ತ ಹಂಗ ಆಡಿಸ್ಯಾರ.”

ಕುಂದಾ ಬಾಯಲ್ಲೇ ನಿಂತಿತು. ಅವನ ಕರುಣೆಯನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ನನ್ನ ಮಹಾವ್ಯೂಹವನ್ನು ಹೂಡಿಯೂ ಆ ಮನುಷ್ಯ ತಿಂದದ್ದು ಒಂದೇ ಒಂದು ಗೋಲು. ಅದೇ ವ್ಯೂಹದಲ್ಲಿ ನಾನು ನಾಲ್ಕಕ್ಕಿಂತ ಕಡಿಮೆ ತಿಂದವನೇ ಅಲ್ಲ.