ಮಹಾರುದ್ರಪ್ಪ ಮಾಸ್ತರರು ನೋಡಿದ ಅರ್ಧ ನೆಟ್‌ಬಾಲು

ಮಹಾರುದ್ರಪ್ಪ ಮಾಸ್ತರರು ನೆಟ್‌ಬಾಲ್ ಆಟವನ್ನು ಅರ್ಧ ಮಾತ್ರ ನೋಡಿದ್ದರು. ಅರ್ಧ ಹೊತ್ತು ನೋಡಿ ಎದ್ದು ಬಂದರು ಎಂದಲ್ಲ; ಆಟದ ಮೇಲಿನ ಅರ್ಧವನ್ನಷ್ಟೇ ನೋಡಿದ್ದರು.

ಒಂದು ಮದುವೆಗೆಂದು ಹೈದರಾಬಾದಿಗೆ ಹೋದವರು ಹೆಣ್ಣುಮಕ್ಕಳ ಶಾಲೆಯೊಂದರ ಹೊರಗೆ ನಿಂತಿದ್ದರು. ಒಳಗಿನವರು ಹೊರಗಿನ ಗಂಡಸರ ಕಣ್ಣಿಗೆ ಬೀಳದಂತೆ ಶಾಲೆಗೆ ಪರದೆಯ ಗೋಡೆ. ಆನೆಯ ಮೇಲೆ ಒಂಟೆ, ಒಂಟೆಯ ಮೇಲೆ ಮಾಸ್ತರರು ನಿಂತರೂ ಒಳಗೆ ಇಣುಕಲಾಗದಷ್ಟು ಎತ್ತರ. ಅದಕ್ಕಿಂತ ಒಂದು ಗೇಣು ಎತ್ತರಕ್ಕೆ ಒಂದು ಕಂಬದ ತುದಿ, ತುದಿಗೆ ಕಬ್ಬಿಣದ ಬಳೆ. ಆಗಾಗ ಚೆಂಡೊಂದು ಕೆಳಗಿನಿಂದ ಹಾರಿ ಬಂದು ಬಳೆಯಲ್ಲಿ ತೂರಿ ಮಾಯವಾಗುತ್ತಿತ್ತು. ಕೆಳಗೆ ಏನು ನಡೆದಿದೆಯೋ ಕಾಣಲಿಲ್ಲ. ಕಿರುಚಾಟ ಕೇಳಿಸಿತು, ಧೂಳೆದ್ದದ್ದು ಕಂಡಿತು, ಅಷ್ಟೇ.

ಊರಿಗೆ ಬಂದು ಸುಮ್ಮನಿರಬೇಕಿತ್ತು. ಚಹಾದಂಗಡಿಯಲ್ಲಿ ಕೂತು, "ನೆಟ್‌ಬಾಲ್ ಏನ್ರಿ, ಹೈದ್ರಾಬಾದ್ನಾಗ ಕಣ್ಣಾರೆ ನೋಡಿ ಬಂದೀನಿ. ಅದರ ಹೊಟ್ಟಿ ಕರುಳು ಎಲ್ಲಾ ಗೊತ್ತದ ನನಗ" ಎಂದುಬಿಟ್ಟರು. ಇಂದು ಬಸವಕಲ್ಯಾಣ ಎನ್ನಿಸಿಕೊಳ್ಳುವ ಊರು ಆಗ, ನಿಜಾಮರ ರಾಜ್ಯದ ಆ ಮೂವತ್ತೆಂಟರ ಸುಮಾರಿಗೆ, ಬರೀ ಕಲ್ಯಾಣಿ. ಚಹಾದ ಬಟ್ಟಲು ಆರುವುದರೊಳಗೆ ಮಾತು ಕೋಟೆಯನ್ನು ಸುತ್ತಿ, ಬಜಾರು ದಾಟಿ, ಶಾಲೆಯ ಕಚೇರಿಗೆ ಮುಟ್ಟಿತು. ಗಂಡುಹುಡುಗರ ಶಾಲೆಯ ಹಂಗಾಮಿ ಡ್ರಿಲ್ ಮಾಸ್ತರರಾಗಿದ್ದ ಅವರಿಗೆ ಹುಕುಮು ಬಂತು: ಹೆಣ್ಣುಮಕ್ಕಳಿಗೆ ನೆಟ್‌ಬಾಲ್ ಕಲಿಸಿ, ಹುಮನಾಬಾದಿನವರ ಮೇಲೆ ಪಂದ್ಯ ಆಡಿಸಿ, ಶಾಲೆಗಳ ಇನ್‌ಸ್ಪೆಕ್ಟರ್ ಬಾಯಿಸಾಹೇಬರು ಮೆಚ್ಚಿದರೆ ನೌಕರಿ ಕಾಯಂ.

ಕಾಯಂ ಎಂಬ ಶಬ್ದ ಕೇಳಿದರೆ ಮಾಸ್ತರರ ಕಣ್ಣಲ್ಲಿ ನೀರು ಬರುತ್ತಿತ್ತು. ಹೆಂಡತಿ ಸರುಬಾಯಿ ಮಂಠಾಳದ ತವರಿನಲ್ಲಿ ಕೂತುಬಿಟ್ಟಿದ್ದಳು. "ಕಾಯಂ ಆದ ಮ್ಯಾಲೆ ಕರೀಲಿಕ್ಕೆ ಬರ್ರಿ. ಹಂಗಾಮಿ ನೌಕರಿಗೆ ಹಂಗಾಮಿ ಹೆಂಡ್ತಿನ ಹುಡಕ್ಕೊಳ್ರಿ" ಎಂದು ಹೇಳಿ ಕಳಿಸಿದ್ದಳು.

ಆಟದ ಮೇಲರ್ಧ ಗೊತ್ತಿತ್ತು. ಕೆಳಗಿನರ್ಧವನ್ನು ಮಾಸ್ತರರು ತಲೆ ಓಡಿಸಿ ಕಂಡುಕೊಂಡರು. ಕಿರುಚಾಟ, ಧೂಳು, ಹೆಣ್ಣುಮಕ್ಕಳು. ಇದು ಕಬಡ್ಡಿಯ ಹಾಗಿನ ನಮ್ಮ ಹುತುತು ಅಲ್ಲದೆ ಇನ್ನೇನಿದ್ದೀತು? ಚೆಂಡು ಸಿಕ್ಕವಳು ಒಂದೇ ಉಸಿರಿನಲ್ಲಿ "ಹುತುತುತು" ಎನ್ನುತ್ತ ಓಡಬೇಕು, ಎದುರಿನವರು ಕಾಲು ಹಿಡಿದು ಕೆಡವಬೇಕು, ಉಸಿರು ಮುಗಿಯುವುದರೊಳಗೆ ಚೆಂಡು ಬಳೆಯಲ್ಲಿ ಬೀಳಬೇಕು. ಅಸಲು ನೆಟ್‌ಬಾಲಿನಲ್ಲಿ ಚೆಂಡು ಹಿಡಿದವಳು ಅದರೊಂದಿಗೆ ಓಡಬಾರದು, ಒಬ್ಬರ ಮೈ ಒಬ್ಬರು ಮುಟ್ಟಲೂಬಾರದು ಎಂಬ ಸಂಗತಿ ಹೈದರಾಬಾದಿನ ಆ ಗೋಡೆಯೊಳಗೇ ಉಳಿದುಹೋಗಿತ್ತು.

ಕಲಿಸಿದ್ದಾದರೂ ಹೇಗೆ? ಹೆಣ್ಣುಮಕ್ಕಳ ಶಾಲೆಯ ಬಯಲಿನ ಸುತ್ತ ಕನಾತು ಎಳೆದು ಬಟ್ಟೆಯದೇ ಗೋಡೆ ಮಾಡಿದ್ದರು. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಮಾಸ್ತರರು ಬೀದಿಯಲ್ಲಿ ನಿಂತು ಕೂಗುವರು: "ಹುತುತು ಅನ್ರಿ! ಕಾಲ್ ಹಿಡೀರಿ! ಉಸಿರ್ ಬಿಡಬ್ಯಾಡ್ರಿ! ಎಸೀರಿ!" ಆ ದನಿಗೆ ಕೋಟೆಯ ಪಾರಿವಾಳಗಳೆಲ್ಲ ಗಂಟುಮೂಟೆ ಕಟ್ಟಿ ಹುಮನಾಬಾದಿಗೆ ವಲಸೆ ಹೋದವು.

ಪಂದ್ಯದ ದಿನ ಬೆಳಿಗ್ಗೆಯೇ ಮೊದಲ ಸಂಕಟ. ಕಂಬದ ತುದಿಯ ಬಳೆಗಾಗಿ ಕಿರಾಣಿ ಅಂಗಡಿಯ ಶರಣಪ್ಪ ಸಾವ್ಕಾರರು ಎರಡು ಜೋಳದ ಜರಡಿ ಕೊಟ್ಟಿದ್ದರು. ಹುಡುಗಿಯರು ಬರುವ ಮುಂಚೆ ಕನಾತಿನೊಳಗೆ ಹೋಗಿ ಕಟ್ಟಿ, ಚೆಂಡು ಎಸೆದು ನೋಡಿದರೆ ಅದು ಕಾವಿಗೆ ಕೂತ ಕೋಳಿಯ ಹಾಗೆ ಜರಡಿಯಲ್ಲೇ ಕೂತಿತು, ಇಳಿಯಲೊಲ್ಲದು. ಮಾಸ್ತರರು ಕುಡುಗೋಲು ತಂದು ತಳ ಕತ್ತರಿಸಿದರು.

"ಅಯ್ಯಯ್ಯೋ! ಏನ್ ಮಾಡಿದ್ರಿ ಮಾಸ್ತರ್ರ!" ಸಾವ್ಕಾರರು ಎದೆ ಬಡಿದುಕೊಂಡರು. "ನಮ್ಮಾಕಿಗೆ ಏನ್ ಹೇಳ್ಲಿ? ಸಂಜಿಗೆ ಜ್ವಾಳ ಸಾಣಸಬೇಕಂತ ಕೂತಾಳ!"

"ಕಾಯಂ ಆಗ್ಲಿ ಸಾವ್ಕಾರ್ರ, ಬೆಳ್ಳಿ ಜರಡಿ ಮಾಡಸ್ತೀನಿ."

"ಹಂಗಂದ್ರ ನೀವ್ ಕಾಯಂ ಆಗೂ ತನಾ ನಿಮ್ಮ ಬಗಲ ಬಿಡಂಗಿಲ್ಲ ನಾ" ಎಂದು ಸಾವ್ಕಾರರು ಅಂಗಡಿಗೆ ಬೀಗ ಹಾಕಿ ಮಾಸ್ತರರಿಗೆ ನೆರಳಿನ ಹಾಗೆ ಅಂಟಿಕೊಂಡರು.

ಮಧ್ಯಾಹ್ನ ಬಸ್ಸು ಬಂತು. ಬುರ್ಖಾ, ಸೆರಗು ಎಲ್ಲ ಸಾವರಿಸಿಕೊಂಡು ಹುಮನಾಬಾದಿನ ಹುಡುಗಿಯರು ಇಳಿದು ಕನಾತಿನೊಳಗೆ ಹೋದರು. ಹಿಂದೆಯೇ ಇನ್‌ಸ್ಪೆಕ್ಟರ್ ಬಾಯಿಸಾಹೇಬರು, ಕೊರಳಲ್ಲಿ ಸೀಟಿ. ಮದ್ರಾಸಿನಲ್ಲಿ ಕಲಿತವರು, ಖುದ್ದು ನೆಟ್‌ಬಾಲ್ ಆಡಿದವರು ಎಂದು ಸಾವ್ಕಾರರು ಕಿವಿಯಲ್ಲಿ ಹೇಳಿದರು. ಮಾಸ್ತರರು ಮೆಲ್ಲಗೆ ಸಾವ್ಕಾರರ ಬೆನ್ನ ಹಿಂದೆ ಸರಿದು ನಿಂತರು.

ಕೊನೆಗೆ ಇಳಿದವರು ಹುಮನಾಬಾದಿನ ಡ್ರಿಲ್ ಮಾಸ್ತರ್ ಗಯಾಸುದ್ದೀನ್. ಅವರೂ ಹಂಗಾಮಿಯೇ. ಆದರೆ ಹುಮನಾಬಾದು ಹೆದ್ದಾರಿಯ ಊರು. ಹೈದರಾಬಾದಿನಿಂದ ಬರುವುದೆಲ್ಲ ಮೊದಲು ಇಳಿಯುವುದೇ ಅಲ್ಲಿ. ನೆಟ್‌ಬಾಲೂ ಪೂರ್ತಿಯಾಗೇ ಇಳಿದಿರುತ್ತದೆ ಎಂದು ಮಾಸ್ತರರಿಗೆ ಖಾತ್ರಿಯಾಯಿತು. ಗಯಾಸುದ್ದೀನರು ಬಸ್ಸಿನ ನೆರಳಿನಲ್ಲಿ ಕೂತು, ಏನೂ ಆಗದವರಂತೆ ಬೀಡಿ ಹಚ್ಚಿದರು.

ಒಳಗೆ ಸೀಟಿ ಊದಿತು. ಚೆಂಡು ಒಮ್ಮೆ ಕನಾತಿನ ಮೇಲೆ ಕಾಣಿಸಿ ಇಳಿಯಿತು. ಆಮೇಲೆ ಕಾಣಲೇ ಇಲ್ಲ. ಧೂಳು ಮಾತ್ರ ಎಷ್ಟು ಎದ್ದಿತೆಂದರೆ ಊರಿನ ಕೋಳಿಗಳು ಸಂಜೆಯಾಯಿತೆಂದು ಗೂಡು ಸೇರಿದವು. ಮತ್ತೆ ಸೀಟಿ. ಆಮೇಲೆ ಮೌನ.

"ಖಾಲಾ, ಏನ್ ನಡದದ ಒಳಗ?" ಕನಾತಿನ ಬಾಗಿಲು ಕಾಯುತ್ತಿದ್ದ ಮುದುಕಿ ಸರ್ದಾರಬಿಯನ್ನು ಮಾಸ್ತರರು ಅಂಗಲಾಚಿದರು.

ಸರ್ದಾರಬಿ ಒಳಗೆ ಇಣುಕಿ, "ಯಾ ಅಲ್ಲಾ! ಬಾಯಿಸಾಹೇಬರು ಆಟ ನಿಲ್ಲಿಸ್ಯಾರ. ಮಾರಿ ಕೆಂಪ್ ಮೆಣಸಿನಕಾಯಿ ಆಗ್ಯಾದ. ಈ ಕಾಲ್ ಹಿಡಿಯೂ ಆಟ ಮೊದಲ ಕಲಿಸಿದವರು ಯಾರು ಅಂತ ಕೇಳಾಕತ್ತಾರ ನೋಡು" ಎಂದಳು.

ಕಾಯಂ ಹೋಯಿತು, ಈಗ ಹಂಗಾಮಿಯನ್ನಾದರೂ ಉಳಿಸಿಕೊಳ್ಳಬೇಕು. "ಸಾವ್ಕಾರ್ರ, ಏನ್ ಹೇಳ್ಲಿ?"

"ಇನ್ನೊಬ್ಬರ ಹೆಸರ್ ಹೇಳ್ರಿ. ಅಂಗಡ್ಯಾಗ ಬ್ಯಾಳಿಗೆ ಹುಳಾ ಬಿದ್ರ ನಾ ಹಂಗೇ ಮಾಡ್ತೀನಿ. ಬೀದರಿನವರು ಕಳಿಸಿದ್ದು ಅಂತೀನಿ."

ಮಾಸ್ತರರು ಬಸ್ಸಿನ ಕಡೆ ಕಳ್ಳನೋಟ ಬೀರಿ, ದನಿ ತಗ್ಗಿಸಿದರು. "ಖಾಲಾ, ಈ ಆಟ ಹುಮನಾಬಾದಿನ ಗಯಾಸುದ್ದೀನ್ ಮಾಸ್ತರ್ದು ಅಂತ ಹೇಳು. ನಾವು ಅವರನ್ನ ನೋಡಿ ಕಲತೀವಿ, ನಮ್ಮದೇನೂ ಇಲ್ಲ ಅನ್ನು. ಕುರಾನ್ ಮ್ಯಾಲ ಆಣಿ ಇಡು ಬೇಕಾದ್ರ."

"ನಿನ್ನ ಸುಳ್ಳಿಗೆ ನನ್ನ ಕುರಾನ್ ಯಾಕೋ? ಬರೀ ಹೇಳ್ತೀನಿ" ಎಂದು ಸರ್ದಾರಬಿ ಒಳಗೆ ಹೋದಳು.

ಮತ್ತೆ ಸೀಟಿ, ಆಟ ಶುರುವಾಯಿತು. ಹುತುತು, ಧೂಳು, ಚೆಂಡು. ಅದರ ನಡುವೆ ಒಂದು ನಗು, ಹೆಂಗಸಿನದು, ತಡೆಯಲಾರದ ನಗು. ಮಾಸ್ತರರಿಗೆ ಅದು ತಮ್ಮ ನೌಕರಿಯ ಮೇಲೆ ಮಣ್ಣು ಎಳೆಯುವ ಸದ್ದಿನ ಹಾಗೆ ಕೇಳಿಸಿತು.

ಆಟ ಮುಗಿದ ಮೇಲೆ ಸರ್ದಾರಬಿ ಹೊರಗೆ ಬಂದಳು. ಬೊಚ್ಚುಬಾಯಿ ತುಂಬ ನಗು.

"ಮಾಸ್ತರ್, ಮೊದಲ ಸಿಟ್ಟಿಗೆದ್ದಿದ್ರು ಖರೇ. ಎರಡೂ ಊರಿನ ಹುಡುಗ್ಯಾರು ಒಂದೇ ನಮೂನಿ ಹುತುತು ಅಂತ ಓಡ್ಯಾರ, ಒಂದೇ ನಮೂನಿ ಕಾಲ್ ಹಿಡದಾರ! ಬಾಯಿಸಾಹೇಬರು ಇವರ ಮಾರಿ ಅವರ ಮಾರಿ ನೋಡಿದ್ರು. ಎರಡ್ ಊರಿಗೂ ಒಂದೇ ಕಾಯ್ದೆ ಅಂದ್ರ ನಾನು ಕಲತದ್ದೇ ಹಳೇದಾಗಿರಬೇಕು ಅಂದ್ರು. ಶಹರದ ಹುಡುಗ್ಯಾರು ಗೊಂಬಿ ಹಂಗ ನಿಂತು ಆಡ್ತಾರ, ಇವರು ಹುಲಿ ಅದಾರ ಅಂತ ಕಣ್ಣಾಗ ನೀರ್ ಬರೂ ತನಾ ನಕ್ಕಾರ. ಈ ಆಟ ಹುಟ್ಟಿಸಿದ ಗಯಾಸುದ್ದೀನ್ ಮಾಸ್ತರ್‌ಗ ಇವತ್ತಿಂದಾನೇ ಕಾಯಂ!"

"ಮತ್ತ... ನನಗ?"

"ನಿನಗೂ ಆಗ್ಯಾದ ಹುಕುಮು. ಖರೇ ಹೇಳೂ ಮನುಷ್ಯಾ ಅಂತ ತಾರೀಫ್ ಮಾಡಿದ್ರು. ಹಂಗಾಮಿಯಾಗೇ ಹುಮನಾಬಾದಿಗೆ ಹೋಗಿ, ಗಯಾಸುದ್ದೀನ್ ಮಾಸ್ತರ್ ಹತ್ರ ದಿನಾ ನೆಟ್‌ಬಾಲ್ ಕಲೀಬೇಕಂತ. ಈಗಿಂದೀಗ, ಇದೇ ಬಸ್ಸಿಗೆ."

ಸಾವ್ಕಾರರು ಜರಡಿಗಳನ್ನು ಬಿಚ್ಚಿಸಿ ಬಗಲಲ್ಲಿ ಇಟ್ಟುಕೊಂಡು ಸಮಾಧಾನ ಹೇಳಿದರು: "ಚಿಂತಿ ಮಾಡಬ್ಯಾಡ್ರಿ ಮಾಸ್ತರ್ರ. ಮಂಠಾಳಕ್ಕ ಸುದ್ದಿ ನಾನೇ ಮುಟ್ಟಸ್ತೀನಿ."

ಬಸ್ಸು ಹೊರಟಿತು. ಹಿಂದಿನ ಸೀಟಿನಲ್ಲಿ ಮಹಾರುದ್ರಪ್ಪ ಮಾಸ್ತರರು ಹಾಸಿಗೆಯ ಸುರುಳಿ ಅಪ್ಪಿಕೊಂಡು ಕೂತಿದ್ದರು, ಪಕ್ಕದಲ್ಲಿ ಗಯಾಸುದ್ದೀನ್. ಊರು ದಾಟಿದ ಮೇಲೆ ಮಾಸ್ತರರು ತಡೆಯಲಾರದೆ ಕೇಳಿದರು: "ಒಂದ್ ಮಾತ್ ಹೇಳ್ರಿ ಸಾಹೇಬ್ರ. ನಿಮ್ಮ ಹುಡುಗ್ಯಾರೂ ಹಂಗೇ ಹ್ಯಾಂಗ ಆಡಿದ್ರು?"

ಗಯಾಸುದ್ದೀನರು ಹಿಂದೆ ಮುಂದೆ ನೋಡಿ, ಮಾಸ್ತರರ ಕಿವಿಯ ಹತ್ತಿರ ಬಾಗಿದರು.

"ನೆಟ್‌ಬಾಲ್ ಅಂದ್ರ ಏನಂತ ನನ್ನ ಅಪ್ಪಗೂ ಗೊತ್ತಿಲ್ರಿ. ಪಂದ್ಯ ಅದ ಅಂದಾಗ ಗಾಬರಿ ಆಗಿ ಕಲ್ಯಾಣಿಗೆ ಓಡಿ ಬಂದೆ. ನೀವು ಬೀದ್ಯಾಗ ನಿಂತು ಒದರಾಕತ್ತಿದ್ರಿ. ಕೇಳಕೋತ ನಿಂತೆ, ಊರಿಗೆ ಹೋಗಿ ನಮ್ಮ ಕನಾತಿನ ಹೊರಗ ನಿಂತು ಹಂಗೇ ಒದರಿದೆ."

ಮಾಸ್ತರರು ಹಾಸಿಗೆಯ ಸುರುಳಿಯನ್ನು ಪಕ್ಕಕ್ಕೆ ಸರಿಸಿ ಅವರ ಕಡೆ ತಿರುಗಿ ಕೂತರು.

ಗಯಾಸುದ್ದೀನರು ಎರಡೂ ಕೈ ಜೋಡಿಸಿದರು. "ಈಗ ಸರ್ಕಾರಿ ಹುಕುಮು ಆಗ್ಯಾದ ಉಸ್ತಾದ್, ನಾಳಿಂದ ನಿಮಗ ಕಲಸಬೇಕು. ನಾಳಿ ಏನ್ ಕಲಸ್ಲಿ, ಅದೊಂದಿಷ್ಟು ಈಗೇ ಹೇಳಿಕೊಡ್ರಿ."