ಗೆಜ್ಜೆ ಹಗ್ಗ ಮತ್ತು ನನ್ನ ಯೀಸ್ಟು

ಯೀಸ್ಟ್ ಹಿಡಿದು ಕೂತವರು ನಗುವುದಕ್ಕೆ ಬೇರೆಲ್ಲೂ ಹೋಗಬೇಕಿಲ್ಲ. ವಾರಕ್ಕೊಂದು ಪ್ರಸಂಗ ತಾನಾಗಿ ಬಂದು ಮೈಮೇಲೆ ಬೀಳುತ್ತದೆ. ನಾನು ಕೊಳ್ಳೇಗಾಲದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು, ಜೊತೆಗೆ ಪಿಎಚ್‌ಡಿ. ಯೀಸ್ಟಿನ ಡಿಎನ್‌ಎ ಮೇಲೆ ಪ್ರೋಟೀನುಗಳು ಬಂದು ಕೂರುವ ಜಾಗಗಳಿವೆ. ಅಂಥ ಎರಡು ಜಾಗಗಳ ನಡುವಿನ ಅಂತರ ಬದಲಿಸಿದರೆ ಜೀನು ಎಷ್ಟು ಕೆಲಸ ಮಾಡುತ್ತದೆ ಎಂದು ನೋಡುವುದು ನನ್ನ ಪಾಡು. ಈ ಸಲವೂ ಅರ್ಥವಾಗುವ ಫಲಿತಾಂಶ ಬರದಿದ್ದರೆ ವಿಷಯವನ್ನೇ ಕೈಬಿಡಿ ಎಂದಿದ್ದರು ಗೈಡು.

೧. ಹನೂರಿನ ಬೇಕರಿ

ನನ್ನ ಯೀಸ್ಟಿನ ಸುದ್ದಿ ಕೇಳಿ ಬೇಕರಿಯವರಿಗೆ ಆಸೆಯಾಯಿತು.

"ನಿಮ್ದ್ ಆಕುದ್ರೆ ಬನ್ನು ಚೆನ್ನಾಗ್ ಉಬ್ತದಾ ಮೇಡಂ?"

"ಉಬ್ಬೋದು ಗೊತ್ತಿಲ್ಲ. ಜೀನು ಕೆಲಸ ಮಾಡಿದಷ್ಟೂ ಹಸಿರಾಗಿ ಹೊಳೆಯುತ್ತೆ."

ಅವರು ಗಾಜಿನ ಪೆಟ್ಟಿಗೆಯೊಳಗಿನ ಬನ್ನುಗಳನ್ನು ನೋಡಿ ನಿಟ್ಟುಸಿರುಬಿಟ್ಟರು. "ಬ್ಯಾಡ ಬುಡಿ. ಅಸ್ರು ಬನ್ನ ಬೂಸ್ಟು ಇಡ್ದದ ಅಂತ ವಾಪಸ್ ತತ್ತಾರೆ."

೨. ಅಗರದ ಚಿಕ್ಕಮ್ಮ

ಚಿಕ್ಕಮ್ಮ ಸಮನಾಗಿ ಅಂತರ ಬಿಟ್ಟು ಅರಿಶಿನ ನೆಡುತ್ತಿದ್ದರು. ನನ್ನ ಕೆಲಸವೂ ಅಂತರದ್ದೇ ಎಂದೆ.

"ಎಷ್ಟ್ ಅಂತರ ಬುಟ್ಟಿದ್ದೀಯೆ? ಗೇಣಾ?"

"ಕಣ್ಣಿಗೆ ಕಾಣಲ್ಲ ಚಿಕ್ಕಮ್ಮ."

"ನಿಮ್ ಗೈಡ್‌ಗೆ ಕಾಣ್ತದಾ?"

"ಅವರಿಗೂ ಕಾಣಲ್ಲ."

"ಮತ್ಯಾಕ್ ಅವ್ರಿಗ್ ಎದ್ರುಕತೀಯೆ?"

೩. ಶಾಗ್ಯದ ಎತ್ತುಗಳು

ದೂರವಾದಷ್ಟೂ ಹೊಳಪು ಇಳಿಯಬೇಕು ಎಂಬುದು ನನ್ನ ಲೆಕ್ಕ. ಎರಡು ಜಾಗಗಳನ್ನು ಮೊದಲಿಗಿಂತ ಐದು ಡಿಎನ್‌ಎ ಅಕ್ಷರ ದೂರವಿಟ್ಟೆ, ಇಳಿಯಿತು. ಹತ್ತಕ್ಕೆ ಏರಿತು. ಹದಿನೈದಕ್ಕೆ ಇಳಿಯಿತು, ಇಪ್ಪತ್ತಕ್ಕೆ ಮತ್ತೆ ಏರಿತು. ಮೂರು ಸಲ ಮಾಡಿದರೂ ಅದೇ ಹಾಡು. ಪಿಎಚ್‌ಡಿ ಕೈತಪ್ಪಿತೆಂದು ಅಳು ನುಂಗಿಕೊಂಡು ಊರಿಗೆ ಹೋದೆ.

ಅಪ್ಪ ಜಗಲಿಯಲ್ಲಿ ಎತ್ತಿನ ಕೊರಳ ಹಗ್ಗ ಹೊಸೆದು, ಒಂದೇ ಎಳೆಗೆ ಗೆಜ್ಜೆ ಪೋಣಿಸುತ್ತಿದ್ದರು. ಎತ್ತಿಗೆ ಕಟ್ಟಿದರೆ ಒಂದು ಗೆಜ್ಜೆ ಮಾತ್ರ ಸದ್ದೇ ಮಾಡಲಿಲ್ಲ.

"ಅರ್ಧ ಸುತ್ತು ಎಚ್ಚಾಗ್ಬುಟ್ಟದ ಕಣವ್ವ, ಕತ್ತಿನ್ ಕಡೀಕ್ ತಿರುಗ್ಕಂಡದ. ಇನ್ನರ್ಧ ಸುತ್ತು ದೂರ ಕಟ್ಟುದ್ರೆ ಆಚೀಕ್ ಬತ್ತದ."

ನಾನು ಅಲ್ಲೇ ಕೂತೆ. ಡಿಎನ್‌ಎ ಕೂಡ ಹೊಸೆದ ಹಗ್ಗವೇ. ಹತ್ತು ಅಕ್ಷರಕ್ಕೆ ಸುಮಾರು ಒಂದು ಸುತ್ತು. ಐದಕ್ಕೆ ಒಂದು ಪ್ರೋಟೀನು ಆಚೆ ಬದಿಗೆ ಹೋಗುತ್ತದೆ, ಹತ್ತಕ್ಕೆ ಎರಡೂ ಒಂದೇ ಬದಿಗೆ ಬಂದು ಜೊತೆಗೂಡುತ್ತವೆ, ಹೊಳಪು ಏರುತ್ತದೆ. ವರ್ಷವರ್ಷವೂ ಇದನ್ನೇ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದವಳು ನಾನೇ. ಅಪ್ಪನಿಗೆ ವಿವರಿಸಿದೆ.

"ಇಷ್ಟುಕ್ಕೆ ನಾಕ್ ವರ್ಸ ಬೇಕಾಯ್ತಾ?" ಎಂದರು.

ಖುಷಿ ತಡೆಯಲಾರದೆ ಗೈಡಿಗೆ ಫೋನು ಮಾಡಿ, ಗೆಜ್ಜೆಯ ಕಥೆಯನ್ನೂ ಹೇಳಿದೆ. "ವಿಷಯ ಉಳಿಯಿತು ಕಣಮ್ಮ, ಬರೆಯೋಕೆ ಶುರು ಮಾಡು," ಎಂದವರು ಅಭ್ಯಾಸಬಲದಿಂದ ಕೇಳಿದರು: "ನಿಮ್ಮಪ್ಪ ಎಷ್ಟು ಎತ್ತಿನ ಮೇಲೆ ನೋಡಿದ್ದಾರೆ? ಪ್ರಯೋಗ ಅಂದಮೇಲೆ ಮೂರಾದರೂ ಇರಬೇಕಲ್ಲ."

ಅಪ್ಪ ಸ್ಪೀಕರಿಗೆ ಹಾಕಿದ್ದ ಫೋನಿನ ಕಡೆ ಬಾಗಿ ಹೇಳಿದರು: "ನಮ್ತವ ಎರಡೇ ಇರೋದು ಸಾ. ಮೂರ್ನೇದ ನೀವೇ ಕಳ್ಸಿ, ಗೆಜ್ಜೆ ನಾನ್ ಕಟ್ತೀನಿ."