ಬಂದೂಕಿಲ್ಲದ ಸಾವ್ಕಾರನ ಬಂದೂಕಿನ ನಾಯಿ

ನಾಯಿಮರಿಗೆ ಪಾಠ ಹೇಳೋ ಮನ್ಯಾಗ ವಾರಕ್ಕೊಂದು ಫಜೀತಿ ಆಗೇ ಆಗ್ತೈತಿ. ನಮ್ಮನ್ಯಾಗ ಅದು ದಿನಕ್ಕೆರಡು ಆಗ್ತಿತ್ತು, ಐತಾರ ಮೂರು.

ನಾ ಮಸ್ಕಿ ಊರಾಗ ಮೂವತ್ತೆರಡು ವರ್ಷ ಹೈಸ್ಕೂಲಿನ ಡ್ರಿಲ್ ಮಾಸ್ತರ ಇದ್ದಾಂವ. ಕೈಯಾಗ ಬಡಿಗಿ, ಕೊಳ್ಳಾಗ ಸೀಟಿ. ರಿಟೈರ್ ಆದ ದಿನ ಬಡಿಗಿ ಸಾಲ್ಯಾಗ ಬಿಟ್ಟು ಸೀಟಿ ಅಷ್ಟ ಮನಿಗೆ ತಂದೆ. ಹೊತ್ತು ಹೋಗವಲ್ದು ಅಂತ ಓಣ್ಯಾಗಿನ ಎರಡು ಮರಿಗೆ ಕೂಡೂದು, ಏಳೂದು ಕಲಿಸಿದೆ. ಅಷ್ಟಕ್ಕ ಲಿಂಗಸುಗೂರ ತನಕ ನನಗ ನಾಯಿ ಮಾಸ್ತರ ಅಂತ ಹೆಸರು ಬಿತ್ತು. ಮೂವತ್ತೆರಡು ವರ್ಷ ಮಕ್ಕಳಿಗೆ ಕಲಿಸಿದ್ದು ಮಾತ್ರ ಯಾರಿಗೂ ನೆನಪಿಲ್ಲ.

ಬಂದೂಕೆಲ್ಲಿ?

ಸಿಂಧನೂರಾಗ ಅಕ್ಕಿ ಗಿರಣಿ ಇರೋ ಸಾವ್ಕಾರ ಒಬ್ಬಾಂವ ಅದಾನ, ನನ್ನ ಹಳೇ ಶಿಷ್ಯ. ಒಂದಿನ ನಮ್ಮ ಬಾಗಲ ಮುಂದ ಕಾರಿನಿಂದ ಇಳದ. ಬಗಲಾಗ ಎರಡು ತಿಂಗಳ ಮರಿ. ಲ್ಯಾಬ್ರಡಾರ್, ಹೆಣ್ಣು, ಪೇಡೆದ ಬಣ್ಣ, ಹೆಸರು ಚಂಪಿ.

"ಸರ, ಇದು ಬಂದೂಕಿನ ನಾಯಿ ಅಂತ್ರಿ," ಅಂದ. ಫೋನಿನ್ಯಾಗ ನೋಡಿದ್ನಂತ. ಸಾಹೇಬ ಗುಂಡು ಹಾರಿಸ್ತಾನ, ಹಕ್ಕಿ ನೀರಾಗ ಬೀಳ್ತೈತಿ, ನಾಯಿ ಈಸಿಕೊಂತ ಹೋಗಿ ಒಂದು ಹಲ್ಲು ತಾಗದಂಗ ಹಕ್ಕಿ ತಂದು ಕೈಯಾಗ ಕೊಡ್ತೈತಿ. ಚಂಪಿಗೂ ಹಂಗ ಕಲಿಸಬೇಕು, ಆರು ತಿಂಗಳು ನಿಮ್ಮಲ್ಲಿ ಇರ್ಲಿ, ಆಮ್ಯಾಲ ಪರೀಕ್ಷೆ ಮಾಡಿ ಕರಕೊಂಡು ಹೋಗ್ತೀನಿ ಅಂದ.

ಬಂದೂಕು ಐತೇನಪಾ ಅಂದೆ. ಇಲ್ರಿ ಅಂದ. ಲೈಸೆನ್ಸ್? ಅದೂ ಇಲ್ರಿ. ಹಕ್ಕಿ ಹೊಡದ್ರ ಗುನ್ಹೆ ಆಗ್ತೈತಿ, ಗೊತ್ತೈತೇನು? ಗೊತ್ತೈತ್ರಿ. ಮತ್ತ ಅವರ ಮನಿಮಂದಿಯೆಲ್ಲ ಮಠದ ಭಕ್ತರು, ಹಕ್ಕಿ ತಾನಾಗೇ ಬಂದು ಅಂಗಳದಾಗ ಬಿದ್ರೂ ನೀರು ಕುಡಿಸಿ ಕಳಿಸೋರು. ಹಂಗಾರ ಈ ವಿದ್ಯಾ ತಗೊಂಡು ನಾಯಿ ಏನು ಮಾಡ್ಬೇಕಲೇ ಅಂತ ಕೇಳಿದೆ.

"ನಮ್ಮ ಹೊಸ ಬೀಗರೂ ಇಂಥಾದ್ದ ಒಂದು ಸಾಕ್ಯಾರ್ರಿ ಸರ. ಅದು ಸೋಫಾದ ಮ್ಯಾಲ ಮಲಗೂದು ಬಿಟ್ಟು ಏನೂ ಕಲಿತಿಲ್ಲ. ನಮ್ಮದು ಏನಾರ ಒಂದು ಕಲೀಲಿ. ಬಂದೂಕಿಂದು ಆಮ್ಯಾಲ ನೋಡಿದ್ರಾತು."

ನಮ್ಮನಿಯಾಕಿ ಅವತ್ತ ಹೇಳಿಬಿಟ್ಲು, ನಾಯಿ ಹೊಸ್ತಲ ದಾಟಂಗಿಲ್ಲ ಅಂತ. ಮೂರನೇ ವಾರಕ್ಕ ಚಂಪಿ ಅಡಗಿ ಮನ್ಯಾಗ ಅಕಿ ಸೆರಗಿನ ಮ್ಯಾಲ ತಲಿ ಇಟ್ಟು ಮಲಗಿತ್ತು. ನಿದ್ದಿ ಕೆಡ್ತೈತಿ ಅಂತ ಅಕಿ ಒಲಿ ಮ್ಯಾಲಿನ ಹಾಲು ಉಕ್ಕಿದ್ರೂ ಏಳಲಿಲ್ಲ. ನನಗ ಆವಾಗ ತಿಳೀತು. ಚಲೋ ಕಲಿಸಿದ್ರ ನಾಯಿ ಹೋಗ್ತೈತಿ, ಕಲಿಸದಿದ್ರ ಮಾನ ಹೋಗ್ತೈತಿ.

ಮೆತ್ತನ್ನ ಬಾಯಿ

ಇಂಥಾ ನಾಯಿಗೆ ಮೊದಲನೇ ಪಾಠ ಅಂದ್ರ ಬಾಯಿ ಮೆತ್ತಗಿರಬೇಕು. ಹೊರಗಿನ ದೇಶದಾಗ ಬಾಯಾಗ ತತ್ತಿ ಕೊಟ್ಟು ಒಡೀದಂಗ ತರೂದು ಕಲಿಸ್ತಾರಂತ. ಒಂದು ತತ್ತಿ ತರ್ಲೇನು ಅಂತ ಮನಿಯಾಕಿಗೆ ಕೇಳಿದೆ. ಅಕಿ ರೊಟ್ಟಿ ಬಡಿಯೂದು ನಿಲ್ಲಿಸದ, ತತ್ತಿ ಒಳಗ ಬರಬೇಕೋ ನೀವು ಒಳಗ ಬರಬೇಕೋ, ಎರಡ್ರಾಗ ಒಂದು ಹೇಳ್ರಿ ಅಂದ್ಲು.

ಅಕಿ ಕೈಯಾಗಿನ ರೊಟ್ಟಿ ನೋಡಿ ನನಗ ಬುದ್ಧಿ ಓಡಿತು. ಖಡಕ್ ಜೋಳದ ರೊಟ್ಟಿ. ತತ್ತಿಗಿಂತ ನಾಜೂಕು, ಜರಾ ಒತ್ತಿದ್ರ ಟಪ್ ಅಂತ ಮುರೀತೈತಿ. ಅಂಗಳದ ಆ ತುದ್ಯಾಗ ಒಂದು ರೊಟ್ಟಿ ಇಟ್ಟು, ತಗೊಂಡು ಬಾ ಅಂದೆ. ಚಂಪಿ ಹೋತು, ಅಲ್ಲೇ ಕುಂತು ತಿಂತು, ಇನ್ನೊಂದು ಎಲ್ಲಿ ಅನ್ನೋಹಂಗ ನನ್ನ ಮುಖ ನೋಡಿತು. ಮೊದಲನೇ ದಿನ ಹನ್ನೊಂದು ರೊಟ್ಟಿ ಹೋದ್ವು. ನಾ ಸಿಟ್ಟಿಗೇಳಲಿಲ್ಲ. ಹಳೇ ಕಾಲುಚೀಲದ ಚೆಂಡು ಮಾಡಿ ಆಡಿಸಿದೆ, ಶಾಬಾಸ್ ಅಂದೆ, ಗದ್ದ ತುರಿಸಿದೆ. ಮನಿಯಾಕಿ ಕಟ್ಟಿಗೆ ಕುಂತು ನೋಡಿ, "ನನ್ನ ಎರಡೂ ಗಂಡಮಕ್ಕಳಿಗೆ ಮಗ್ಗಿ ತಪ್ಪಿದ್ರ ಬಡಿಗಿಲೆ ಬಡದ್ರಿ. ಇದಕ್ಕ ಹನ್ನೊಂದು ತಪ್ಪಿಗೆ ಹನ್ನೊಂದು ಶಾಬಾಸ್," ಅಂದ್ಲು.

ತಿಂಗಳು ಕಳೆಯೂದ್ರಾಗ ಚಂಪಿ ರೊಟ್ಟಿನ್ನ ಹೂವಿನಂಗ ಹಿಡಕೊಂಡು ಬಂದು ಕೈಯಾಗ ಕೊಡಾಕ ಹತ್ತಿತು. ಕಲಿತ ಹುಡುಗರಿಗೆ ಸುಮ್ನ ಕೂಡಾಕ ಆಗಂಗಿಲ್ಲ ನೋಡ್ರಿ. ಬಾಜೂ ಮನಿ ಅಕ್ಕಾರು ಬಸರಿ ಮಗಳ ಕುಬುಸದ ಸಲುವಾಗಿ ಅಂಗಳದಾಗ ರೊಟ್ಟಿ ಒಣ ಹಾಕಿದ್ರು. ನಾ ಜಳಕಾ ಮಾಡಿ ಬರೂದ್ರಾಗ ನಲವತ್ತು ರೊಟ್ಟಿ ನಮ್ಮ ಕಟ್ಟಿ ಮ್ಯಾಲ ಕುಂತಿದ್ವು, ಒಂದರ ಮ್ಯಾಲೊಂದು.

ಅಕ್ಕಾರು ಸೆರಗು ಸಿಗಿಸಿಕೊಂಡು ಜಗಳಕ್ಕ ಬಂದ್ರು. ಒಂದೊಂದ ರೊಟ್ಟಿ ಎತ್ತಿ ಹೊಳ್ಳಿಸಿ ನೋಡಿದ್ರು. ಒಂದೂ ಮುರದಿಲ್ಲ, ಹಲ್ಲಿನ ಗುರುತಿಲ್ಲ. ಬರ್ತಾ ಬರ್ತಾ ಅವರ ಸಿಟ್ಟು ಇಳೀತು. ಆ ರೊಟ್ಟಿ ಎಮ್ಮಿಗೆ ಹಾಕಿದ್ರು ಅನ್ನೂದು ಬ್ಯಾರೆ ಮಾತು. ಹೋಗೂ ಮುಂದ ಮೆಲ್ಲಕ ಹೇಳಿದ್ರು:

"ನಮ್ಮ ಸೊಸಿ ಅಂಗಳದಿಂದ ಒಳಗ ತರೂದ್ರಾಗ ಹತ್ತು ಮುರೀತಾಳ್ರೀ ಮಾಸ್ತರ. ಅಕಿನ್ನ ಎಂಟು ದಿನ ನಿಮ್ಮಲ್ಲಿ ಕಳಸ್ಲೇನು?"

ಸಪ್ಪಳ

ಎರಡನೇ ಪಾಠ, ಗುಂಡಿನ ಸಪ್ಪಳಕ್ಕ ಅಂಜಬಾರದು. ಇದಕ್ಕೂ ಉಪಾಯ ಐತಿ. ಮರಿ ಉಣ್ಣೂ ಮುಂದ ದೂರದಾಗ ಮೆಲ್ಲಕ ತಾಟು ಬಡೀಬೇಕು, ದಿನಾ ಒಂದೊಂದ ಹೆಜ್ಜಿ ಸಮೀಪ ಬರಬೇಕು. ಸಪ್ಪಳ ಆದ್ರ ಚಲೋದ ಆಗ್ತೈತಿ ಅಂತ ಅದಕ್ಕ ತಿಳೀಬೇಕು. ನಮ್ಮನಿಯಾಕಿ ಓಣಿ ತುದಿಯಿಂದ ಸೌಟು ತಾಟು ಬಡಕೊಂತ ದಿನಾ ಬರಾಕತ್ತಿದ್ಲು. ನಿಮ್ಮ ಮನಿಯವರಿಗೆ ಏನಾಗೈತ್ರಿ ಅಂತ ನಾಕು ಮಂದಿ ನನಗ ಗುಟ್ಟಾಗಿ ಕೇಳಿದ್ರು.

ಹದಿನೈದು ದಿನದಾಗ ಚಂಪಿ ಪಾಠ ಪಕ್ಕಾ ಮಾಡಿಕೊಂತು: ಎಲ್ಲೇ ಬಡೀಲಿ, ಅದು ಊಟದ ಕರೆ.

ಶ್ರಾವಣ ಸೋಮವಾರ ಮಠದಾಗ ಜಾಗಟೆ ಬಾರಿಸಿದ್ರು. ಚಂಪಿ ಹಗ್ಗ ಬಿಡಿಸಿಕೊಂಡು ಓಡಿತು, ಹಿಂದ ನಾ. ಮಠದಾಗ ಪ್ರಸಾದದ ಪಂಗತಿ ಕುಂತಿತ್ತು. ಆ ಸಾಲಿನ ತುದಿಗೆ, ಎರಡು ಮುಂಗಾಲು ಜೋಡಿಸಿ, ಎದಿ ಸೆಟೆಸಿ, ಒಂದು ಪತ್ರೋಳಿ ಮುಂದಿಟ್ಟುಕೊಂಡು ಚಂಪಿ ಕುಂತಿತ್ತು. ಬಡಸಾಂವ ತಲಿ ಎತ್ತಿ ನೋಡದ ಅದಕ್ಕೂ ಗೋಧಿ ಹುಗ್ಗಿ ಹಾಕಿ ಮುಂದ ಹೋಗಿದ್ದ.

ನನಗ ಭೂಮಿ ಬಾಯಿ ಬಿಟ್ರ ಸಾಕಾಗಿತ್ತು. ಉಸ್ತುವಾರಿ ನೋಡೋ ಅಜ್ಜಾರ ಮುಂದ ಕೈ ಮುಗದು ನಿಂತೆ. ಅವರು ಚಂಪಿನ್ನ ನೋಡಿದ್ರು, ಆಮ್ಯಾಲ ಪಂಗತಿ ನೋಡಿದ್ರು.

"ಇರ್ಲಿ ಬಿಡ್ರಿ. ಈ ಸಾಲಿನ್ಯಾಗ ನೆಟ್ಟಗ ಕುಂತದ್ದು ಅದೊಂದ. ಉಳಿದವರೂ ನಿಮ್ಮ ಶಿಷ್ಯಂದ್ರ ಅಲ್ಲೇನು?"

ಸೀಟಿ

ಮೂರನೇ ಪಾಠ, ಉದ್ದ ಸೀಟಿ ಊದಿದ್ರ ಎಲ್ಲಿದ್ದಲ್ಲೇ ನಿಲ್ಲಬೇಕು. ಬಯಲು ಬೇಕಂತ ಶೇರ್ ಆಟೋದಾಗ ಚಂಪಿನ್ನ ಸಂತೆಕಲ್ಲೂರಿಗೆ ಕರಕೊಂಡು ಹೋದೆ. ಜೋಳ ಕೊಯ್ದ ಹೊಲ, ಚೆಂಡು ಒಗದು ಆಡಾಕ ಭೇಶ್ ಜಾಗ. ಆಡಿಕೊಂತ ಇದ್ದಾಗ ಒಂದು ಓತಿಕ್ಯಾತ ಕಂಡು ಚಂಪಿ ರಸ್ತೆ ಕಡೆ ಓಟ ಕಿತ್ತಿತು. ಆ ಕಡಿಂದ ಒಂದು ಆಟೋ ಬರಾಕತ್ತಿತ್ತು. ಜೀವ ಬಾಯಿಗೆ ಬಂದು ನಾ ಇದ್ದಷ್ಟು ಉಸರು ಹಾಕಿ ಸೀಟಿ ಊದಿದೆ.

ಚಂಪಿ ನಿಲ್ಲಲಿಲ್ಲ. ಆಟೋ ನಿಂತಿತು. ಡ್ರೈವರ್ ಇಳದು, ಕಾಲು ಜೋಡಿಸಿ, ಕೈ ಇಳಿಬಿಟ್ಟು ನಿಂತ. ಹಿಂದ ಕುಂತಿದ್ದ ಒಬ್ಬ ಹೊಟ್ಟಿ ಬಂದ ಗೃಹಸ್ಥ ಇಳದು ಅವನ ಬಾಜೂಕ ನಿಂತ. ಅತ್ತ ತೊಗರಿಗೆ ಹುಳದ ಎಣ್ಣಿ ಹೊಡ್ಯಾಕತ್ತಿದ್ದ ರೈತ ಬೆನ್ನ ಮ್ಯಾಲ ಪಂಪ್ ಹೊತ್ತಂಗ ಸೆಟೆದು ನಿಂತ. ಮೂವರೂ ನನ್ನ ಶಿಷ್ಯಂದ್ರು.

ಸಮೀಪ ಹೋಗಿ, ಯಾಕ್ರೋ ನಿಂತೀರಿ ಅಂದೆ. ಗೊತ್ತಿಲ್ರಿ ಸರ, ಕಾಲು ತಾವ ನಿಂತ್ವು ಅಂದ್ರು. ಖರೆ ಹೇಳ್ತೀನಿ, ನನಗ ನಗಿ ಬರಲಿಲ್ಲ. ಇವರಿಗೆ ಎಷ್ಟು ಬಡದಿರಬೇಕು ನಾ ಅಂದುಕೊಂಡು ಸೀಟಿ ಕಿಸೆದಾಗ ಇಟ್ಟೆ. ಚೆಂಡಿನ ಆಟದಾಗ ಕಲಿತ ಚಂಪಿ ಮಾತ್ರ ಓತಿಕ್ಯಾತ ಬಿಟ್ಟು ತಾನಾಗೇ ಬಂದು ನನ್ನ ಕಾಲು ಮೂಸಿತು. ಒಳಗ ಕುಂತ ಮಂದಿ ಹೊತ್ತಾತು ಅಂತ ಕೂಗಾಕತ್ತಿದ್ರು. ಡ್ರೈವರ್ ಮಾತ್ರ ಅಲುಗಾಡಲಿಲ್ಲ.

"ಸರ, ಜರಾ ವಿಶ್ರಾಮ್ ಅನ್ರಿ. ಇವರನ್ನೆಲ್ಲ ಲಿಂಗಸುಗೂರಿಗೆ ಮುಟ್ಟಿಸಬೇಕು."

ಪರೀಕ್ಷೆ

ಆರು ತಿಂಗಳು ಮುಗದ್ವು. ಐತಾರ ಬರ್ತೀನಿ ಅಂತ ಸಾವ್ಕಾರ ಫೋನ್ ಮಾಡಿದ. ಮೂರನೇ ದಿನ ಮನಿಯಾಕಿ ಹೇಳಿದ್ಲು, ಚಂಪಿನ್ನ ನಾಪಾಸ್ ಮಾಡಿಸ್ರಿ. ನಾನೂ ಹೂಂ ಅಂದೆ. ಐತಾರ ಮುಂಜಾನಿ ಚಂಪಿಗೆ ಹೊಟ್ಟಿ ಬಿರಿಯೂಹಂಗ ಮಸರನ್ನ ಹಾಕಿದ್ವಿ.

ಸಾವ್ಕಾರ ಬಂದ, ಮುಖ ಒರಸೋ ದಸ್ತಿ ಗಂಟು ಕಟ್ಟಿ ಹಿತ್ತಲದಾಗ ಒಗದ. ಚಂಪಿ ಆಕಳಿಸಿತು. ಇನ್ನೊಂದು ಸಲ ಒಗದ. ಚಂಪಿ ಮಗ್ಗಲು ಬದಲಿಸಿತು. ಮನಿಯಾಕಿ ಬಾಗಲ ಹಿಂದ ನಿಂತು ದೇವರಿಗೆ ಕೈ ಮುಗಿಯೂದು ನನಗ ಕಾಣ್ತಿತ್ತು. ಆವಾಗ ಸಾವ್ಕಾರ ನನ್ನ ಬೆನ್ನ ಮ್ಯಾಲ ಕೈ ಇಟ್ಟು, ಇರ್ಲಿ ಬಿಡ್ರಿ ಸರ, ನಿಮಗೂ ವಯಸ್ಸಾತು ಅಂದ.

ಆ ಒಂದು ಮಾತು ತಡಕೊಂಡಿದ್ರ ಆಗ್ತಿತ್ತು. ಮೂವತ್ತೆರಡು ವರ್ಷದ ಮಾಸ್ತರಕಿ, ತಡೀಲಿಲ್ಲ. "ಚಂಪಿ, ತಗೊಂಡು ಬಾ," ಅಂದುಬಿಟ್ಟೆ. ಎದ್ದು ಬಾಣದಂಗ ಹೋತು. ದಸ್ತಿ ಗಂಟು ಬಿಚ್ಚದಂಗ, ಹಸಿ ಆಗದಂಗ ತಂದು ಸಾವ್ಕಾರನ ಕೈಯಾಗ ಇಟ್ಟಿತು.

ಅಂವ ಚಪ್ಪಾಳಿ ಹೊಡದು, ಕಾರಿನ್ಯಾಗ ಕುಂದ್ರಿಸಿಕೊಂಡು ಹೋಗೇಬಿಟ್ಟ. ನಾ ಹಿತ್ತಲದಾಗ ನಿಂತು ಅತ್ತೆ. ಮನಿಯಾಕಿ ನಾಕು ದಿನ ನನಗ ತಾಟು ಇಟ್ಲು, ನೀರು ಇಟ್ಲು, ಮಾತು ಒಂದೂ ಇಡಲಿಲ್ಲ.

ಐದನೇ ದಿನ ಕಾರು ಬಂತು. ಸಾವ್ಕಾರನ ಮುಖ ಇಳದಿತ್ತು, ತಲಿ ತುಂಬ ತೌಡು. ನಿಂತಲ್ಲೇ ಶುರು ಮಾಡಿದ. ಗಿರಣ್ಯಾಗ ಇಬ್ಬರು ಹಮಾಲರು ಗೋದಾಮಿನ ಖಾಲಿ ಚೀಲ ಅಂಗಳಕ್ಕ ಒಗ್ಯಾಕತ್ತಿದ್ರಂತ. ಚಂಪಿ ಒಂದೊಂದ ಚೀಲ ಹಿಡಕೊಂಡು ಹೋಗಿ ಒಗದವನ ಕೈಯಾಗ ವಾಪಸ್ ಕೊಟ್ಟೈತಿ. ಮುಂಜಾನಿಯಿಂದ ಮಧ್ಯಾಹ್ನದ ತನಕ ಅವರು ಒಗದ್ರು. ಮಧ್ಯಾಹ್ನಕ್ಕ ನೋಡಿದ್ರ ಅಂಗಳ ಖಾಲಿ, ಗೋದಾಮು ತುಂಬೈತಿ.

ಅದೂ ಹೋಗ್ಲಿ ಅಂದ. ನಾಯಿ ನೋಡಾಕ ಬೀಗರು ಬಂದ್ರು. ಆ ಬೀಗ ಗುಟಕಾ ಬಿಟ್ಟೀನಿ ಅಂತ ಹೆಂಡತಿ ಮುಂದ ಆಣಿ ಮಾಡಿದಾಂವ. ಗಿರಣಿ ಹಿಂದ ಹೋಗಿ ಗುಟ್ಟಾಗಿ ತಿಂದು, ಗುಟಕಾದ ಖಾಲಿ ಪಾಕೀಟು ಗ್ವಾಡಿ ಆಚೆ ಒಗದು, ಬಾಯಿ ಒರಸಿಕೊಂಡು ಬಂದು ಕುಂತ. ಚಾ ಕುಡಿಯೂ ಮುಂದ ಚಂಪಿ ಆ ಖಾಲಿ ಪಾಕೀಟು ತಂದು, ಬೀಗತಿ ಕಣ್ಣ ಮುಂದ, ಅವನ ಕೈಯಾಗ ಕೊಟ್ಟಿತು. ಅಂವ ಗಾಬರಿಯಾಗಿ ಮತ್ತ ಒಗದ. ಚಂಪಿ ಮತ್ತ ತಂತು.

"ಬೀಗರು ಚಾ ಬಿಟ್ಟು ಎದ್ದು ಹೋದ್ರು. ಒಗದದ್ದು ಒಗದಲ್ಲೇ ಇದ್ರ ಸಂಸಾರ ನಡೀತೈತ್ರಿ ಸರ," ಅಂದ. ಅವನ ಕಣ್ಣಾಗ ನೀರು ಬಂದಿದ್ವು.

ಕಾರಿನ ಬಾಗಲ ತೆಗದ. ಚಂಪಿ ಜಿಗದು ಮನಿಯಾಕಿ ಮ್ಯಾಲ ಬಿತ್ತು. ಅಕಿ ಅಂಗಳದಾಗ ಕುಂತು ಅದರ ಕೊಳ್ಳಾಗ ಮುಖ ಇಟ್ಟು ಅತ್ಲು. ಸಾವ್ಕಾರ ಕೈಯಾಗಿದ್ದ ಸರಪಳಿ ನಮ್ಮ ಕಟ್ಟಿ ಮ್ಯಾಲ ಒಗದು, ಬರ್ತೀನ್ರಿ ಅಂತ ಕಾರು ಹತ್ತಿದ. ಚಂಪಿ ತಟ್ಟನ ಎದ್ದು, ಸರಪಳಿ ಬಾಯಾಗ ಹಿಡದು, ಓಡಿ ಹೋಗಿ ಕಿಡಕ್ಯಾಗಿಂದ ಅವನ ತೊಡಿ ಮ್ಯಾಲ ಇಟ್ಟು ಬಂತು. ಅಂವ ಮತ್ತ ಒಗದ. ಚಂಪಿ ಮತ್ತ ಒಯ್ದು ಕೊಟ್ಟಿತು. ಮೂರನೇ ಸಲಕ್ಕ ಅಂವ ಕಾರು ಬಂದ್ ಮಾಡಿ ಇಳದು ಬಂದು, ಮನಿಯಾಕಿ ಮುಂದ ಸರಪಳಿ ಹಿಡದು ನಿಂತ.

"ಅಮ್ಮಾರ, ನೀವ ಕೈಯಾರೆ ತಗೋರಿ. ಇಲ್ಲಂದ್ರ ನಾ ಸಿಂಧನೂರು ಮುಟ್ಟಂಗಿಲ್ಲ."

ಅಕಿ ತಗೊಂಡ್ಲು. ಕಾರು ಹೋದಮ್ಯಾಲ ನನ್ನ ಕಡೆ ತಿರುಗಿ, ಐದು ದಿನದಾಗ ಮೊದಲನೇ ಸಲ ಬಾಯಿ ಬಿಟ್ಲು:

"ಇನ್ನ ಮ್ಯಾಲ ಇಕಿಗೆ ಒಂದ ಒಂದು ಪಾಠ ಕಲಿಸಿದ್ರೂ, ಗಿರಣಿಗೆ ನಿಮ್ಮನ್ನ ಕಳಸ್ತೀನಿ."